ಮೂವತ್ತೆಂಟು ತಾಯಿಮರ

ನಮ್ಮ ನರ್ಸರಿಯ ಬೀಜದ ಕೋಣೆಯಲ್ಲಿ ಫ್ಯಾನ್ ಇದೆ, ಆದರೆ ಬೇಸಿಗೆಯಲ್ಲಿ ಅದನ್ನು ಹಾಕುವಂತಿಲ್ಲ. ಗಿರಗಿಟ್ಲೆ ಮರದ ಪ್ರತಿ ಬೀಜಕ್ಕೂ ಒಂದು ತೆಳು ರೆಕ್ಕೆ ಇರುತ್ತದೆ. ಗಾಳಿ ಸೋಕಿದರೆ ಸಾಕು, ಮೇಜಿನ ಮೇಲಿನ ರಾಶಿಯೆಲ್ಲ ಎದ್ದು ಕೋಣೆ ತುಂಬ ಗಿರಗಿರನೆ ಸುತ್ತತೊಡಗುತ್ತದೆ. ಅದಕ್ಕೇ ಊರೆಲ್ಲ ಗಾಳಿಗೆ ಬಾಯಿ ಬಿಡುವ ಎರಡು ತಿಂಗಳು ನಾವು ಕಿಟಕಿ ಮುಚ್ಚಿಕೊಂಡು ಬೆವರುತ್ತ ಕೂತಿರುತ್ತೇವೆ. ಸೀನು ಬಂದವರು ಮೂಗು ಹಿಡಿದುಕೊಂಡು ಹೊರಗೆ ಓಡಬೇಕು. ಕೆಲಸಕ್ಕೆ ಸೇರಿದ ಮೊದಲ ವಾರ ನಾನು ಓಡುವುದು ಒಂದು ಕ್ಷಣ ತಡವಾಗಿ, ಚದುರಿದ ಬೀಜ ಹೆಕ್ಕುವುದರಲ್ಲೇ ಇಡೀ ಮಧ್ಯಾಹ್ನ ಕಳೆದಿದ್ದೆ.

ಕೆಲಸ ಮಹಾ ದೊಡ್ಡದೇನಲ್ಲ. ಚೀಲದಿಂದ ಬೀಜ ಸುರಿದು ಗಟ್ಟಿಯದು ಬೇರೆ, ಜೊಳ್ಳು ಬೇರೆ ಮಾಡಬೇಕು. ರೆಕ್ಕೆ ಉಜ್ಜಿ ತೆಗೆದು ಜರಡಿ ಹಿಡಿಯಬೇಕು. ಚೀಲದ ಚೀಟಿಯಲ್ಲಿರುವ ಸಂಖ್ಯೆಯನ್ನೇ ಡಬ್ಬಿಯ ಮೇಲೂ ಬರೆಯಬೇಕು. ಆ ಸಂಖ್ಯೆ ತಾಯಿಮರದ್ದು. ಬೀಜ ಮೊಳಕೆಯಾಗಿ, ಸಸಿಯಾಗಿ, ಬೆಟ್ಟ ಹತ್ತುವವರೆಗೂ ತಾಯಿಯ ಸಂಖ್ಯೆ ಅದರ ಜೊತೆಗೇ ಹೋಗಬೇಕು.

ಬೆಟ್ಟ ನರ್ಸರಿಯ ಬೆನ್ನಿಗೇ ನಿಂತಿದೆ. ನಾನು ಹುಟ್ಟುವ ಮೊದಲು ಅಲ್ಲಿ ಕಾಡಿತ್ತಂತೆ. ಕಡಿಯುವಷ್ಟು ಕಡಿದರು, ಉಳಿದದ್ದು ಬೆಂಕಿಗೆ ಹೋಯಿತು. ನನಗೆ ಬುದ್ಧಿ ಬಂದಾಗಿನಿಂದ ಕಂಡದ್ದು ಬೋಳು ಬಂಡೆ. ಮಳೆಗಾಲದಲ್ಲಿ ಅಲ್ಲಿಂದ ಕೆಂಪು ನೀರು ನಮ್ಮ ಬೀದಿಗೆ ಇಳಿಯುತ್ತಿತ್ತು. ಬೇಸಿಗೆಯಲ್ಲಿ ಸಂಜೆಯಾದರೂ ಮನೆಯ ಗೋಡೆ ಮುಟ್ಟಿದರೆ ಕಾದ ಬಾಣಲೆ ಮುಟ್ಟಿದ ಹಾಗೆ. ಹನ್ನೊಂದು ವರ್ಷದಿಂದ ಅಲ್ಲಿ ಮತ್ತೆ ಕಾಡು ಎಬ್ಬಿಸುವ ಕೆಲಸ ನಡೆದಿದೆ. ಈಗ ಮೇಲಿನ ಅರ್ಧ ಹಸಿರಾಗಿದೆ. ಕೆಳಗಿನ ಅರ್ಧ ಬಾಕಿ.

ನರ್ಸರಿ ನಡೆಸುವವರನ್ನು ನಾವೆಲ್ಲ ಡಾಕ್ಟರಮ್ಮ ಎನ್ನುತ್ತೇವೆ. ಮನುಷ್ಯರ ಡಾಕ್ಟರಲ್ಲ. ಬಾಡಿದ ಸಸಿ ಕಂಡರೆ ಮುಂದೆ ಕುಕ್ಕರುಗಾಲಲ್ಲಿ ಕೂತು, ಮಕ್ಕಳ ಕಣ್ಣಿನ ರೆಪ್ಪೆ ಬಿಡಿಸಿ ನೋಡುವ ಹಾಗೆ ಎಲೆ ಮಗುಚಿ ನೋಡುತ್ತಾರೆ, ಅದಕ್ಕೆ ಆ ಹೆಸರು. ಹೊಸಬರು ಸೇರಿದಾಗೆಲ್ಲ ಅವರು ಹೇಳುವ ಪಾಠ ಒಂದೇ. ಒಂದೇ ಮರದ ಬೀಜ ಬಿತ್ತಿ ಬೆಟ್ಟ ತುಂಬಿಸುವುದು ಸುಲಭ, ಆದರೆ ಅವೆಲ್ಲ ಒಡಹುಟ್ಟಿದವು. ಒಂದಕ್ಕೆ ಬಂದ ರೋಗ ಎಲ್ಲಕ್ಕೂ ಬರುತ್ತದೆ. ಅವುಗಳೊಳಗೇ ಪರಾಗ ಸೇರಿದರೆ ಮುಂದಿನ ಬೀಜ ಜೊಳ್ಳಾಗುತ್ತದೆ. ನಾವು ಉರಿಸಿದ ಹೊಗೆಯನ್ನು ಈ ಕಾಡು ತನ್ನ ಕಾಂಡದೊಳಗೆ ಕಟ್ಟಿಡಬೇಕಾದ್ದು ಹತ್ತು ವರ್ಷಕ್ಕಲ್ಲ, ಇನ್ನೂರು ವರ್ಷಕ್ಕೆ. ಅಷ್ಟು ಕಾಲ ಅದು ತಾನೇ ಹೆರುತ್ತಿರಬೇಕು. ಕೊನೆಗೆ ಹೀಗೆ ಮುಗಿಸುತ್ತಾರೆ: "ಮುಂದೆ ಎಂಥ ಬಿಸಿಲು ಬರುತ್ತೋ ನಮಗೆ ಗೊತ್ತಿಲ್ಲ. ಯಾವ ತಾಯಿ ಮಗು ಅದನ್ನ ತಡ್ಕೊಳ್ಳುತ್ತೋ ಅದೂ ಗೊತ್ತಿಲ್ಲ. ಗೊತ್ತಿಲ್ಲ ಅಂದ್ಮೇಲೆ ಎಲ್ಲ ತಾಯಂದಿರನ್ನೂ ಕರೀಬೇಕು."

ಗಿರಗಿಟ್ಲೆಗೆ ನಮ್ಮಲ್ಲಿ ಮೂವತ್ತೆಂಟು ತಾಯಿಮರ. ಒಂದನೇ ಸಂಖ್ಯೆಯದು ಬಸ್ ಸ್ಟಾಪಿನ ಹಿಂದಿದೆ. ಉಳಿದ ಮೂವತ್ತೇಳು ಬೆಟ್ಟದ ಆಚೆ ಮಗ್ಗುಲಿನ ಕೊರಕಲುಗಳಲ್ಲಿ, ಕೊಡಲಿಗೂ ಬೆಂಕಿಗೂ ಸಿಗದೆ ಉಳಿದವು. ಅವುಗಳ ಜಾಗ ಗೊತ್ತಿದ್ದದ್ದು ಒಬ್ಬರಿಗೆ, ನನ್ನ ಮಾವನಿಗೆ. ಬೆಟ್ಟದ ಕೆಲಸ ಶುರುವಾಗುವ ಮೊದಲಿನಿಂದಲೂ, ಮೂವತ್ತು ವರ್ಷದಿಂದ ನರ್ಸರಿಗೆ ಬೀಜ ತರುವವರು ಅವರೇ. ನಕ್ಷೆ ಬರೆದುಕೊಡಿ ಎಂದು ಯಾರಾದರೂ ಕೇಳಿದರೆ, ನಕ್ಷೆ ನನ್ನ ಕಾಲಲ್ಲಿದೆ ಎನ್ನುತ್ತಿದ್ದರು. ಅತ್ತೆ ಹೋದ ಮೇಲೆ ಆ ಮನುಷ್ಯನಿಗೆ ಉಳಿದದ್ದು ಎರಡೇ, ಆ ಮರಗಳು ಮತ್ತು ನನ್ನ ಮಗಳು. ಮಗಳು ಶಾಲೆಗೆ ಹೋಗತೊಡಗಿದಾಗ ನನ್ನನ್ನು ಈ ಕೆಲಸಕ್ಕೆ ಸೇರಿಸಿದವರೂ ಅವರೇ. ಗಟ್ಟಿ ಬೀಜ ಯಾವುದು, ಜೊಳ್ಳು ಯಾವುದು ಎಂದು ಬೆರಳಿಗೆ ಕಲಿಸಿದವರೂ ಅವರೇ.

ಅದೇ ಬೆರಳಿಗೆ ಈ ಬೇಸಿಗೆಯಲ್ಲಿ ಒಂದು ಸಂಶಯ ತಗುಲಿತು.

ಮಳೆಗೆ ಇನ್ನೂ ಐದು ವಾರವಿತ್ತು. ಮಾವ ತಂದ ಮೊದಲ ಚೀಲಗಳು ಮೇಜಿನ ಮೇಲಿದ್ದವು. ನಾಲ್ಕನೇ ಮರದ ಚೀಲ ಸುರಿದು ರೆಕ್ಕೆ ಉಜ್ಜುತ್ತಿದ್ದೆ. ಪ್ರತಿ ರೆಕ್ಕೆಯ ತುದಿಯಲ್ಲೂ ಇಲಿ ಕಚ್ಚಿದ ಹಾಗೆ ಒಂದು ಸಣ್ಣ ಕಚ್ಚು. ಅದರಲ್ಲಿ ಆಶ್ಚರ್ಯವಿಲ್ಲ. ಒಂದೊಂದು ಮನೆತನದ ಮೂಗು ಒಂದೊಂದು ಥರ ಇರುವ ಹಾಗೆ, ಒಂದೊಂದು ಮರದ ರೆಕ್ಕೆಯೂ ಒಂದೊಂದು ಥರ. ಆದರೆ ಹನ್ನೊಂದನೇ ಮರದ ಚೀಲ ಬಿಚ್ಚಿದಾಗಲೂ ಅದೇ ಕಚ್ಚು. ಇಪ್ಪತ್ತಾರನೆಯದರಲ್ಲೂ ಅದೇ. ಆರು ಚೀಲ ಬಿಚ್ಚಿದೆ. ಚೀಟಿಗಳಲ್ಲಿ ಮಾವನ ಮುದ್ದಾದ ಅಕ್ಷರದಲ್ಲಿ ಆರು ಬೇರೆ ಬೇರೆ ಸಂಖ್ಯೆಗಳಿದ್ದವು. ಬೀಜ ಮಾತ್ರ ಒಂದೇ ಮನೆಯದು.

ಸಂಜೆ ಬಸ್ಸಿಗೆ ನಿಂತಾಗ ಹಿಂದಿನ ಮರದ ಬುಡಕ್ಕೆ ಹೋದೆ. ಕೆಳಗೆ ಬಿದ್ದಿದ್ದ ನಾಲ್ಕು ರೆಕ್ಕೆ ಎತ್ತಿಕೊಂಡೆ. ನಾಲ್ಕಕ್ಕೂ ಕಚ್ಚು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ, ನೆರಳುಬಲೆಯ ಕೆಳಗೆ ಸಾಲಾಗಿಟ್ಟಿದ್ದ ಕಳೆದ ವರ್ಷದ ಗಿರಗಿಟ್ಲೆ ಸಸಿಗಳ ಮುಂದೆ ನಿಂತೆ. ನೂರ ಹತ್ತು ಟ್ರೇ. ಅವುಗಳ ಬೀಜ ಉಜ್ಜಿದ್ದು ನಾನಲ್ಲ, ಕಳೆದ ಬೇಸಿಗೆಯಲ್ಲಿ ನನಗೆ ಬೇರೆ ಜಾತಿಯ ಬೀಜ ಕೊಟ್ಟಿದ್ದರು. ಈ ಮಳೆಗೆ ಬೆಟ್ಟದ ಕೆಳಗಿನ ಅರ್ಧಕ್ಕೆ ಹೋಗಬೇಕಾದವು. ಬೇರೆ ವರ್ಷಗಳಲ್ಲಿ ಈ ಸಾಲು ಮಕ್ಕಳ ಜಗಳದ ಹಾಗಿರುತ್ತಿತ್ತು. ಒಂದು ಉದ್ದ, ಒಂದು ಗಿಡ್ಡ, ಒಂದರ ಕಾಂಡ ಕೆಂಪು, ಇನ್ನೊಂದು ಆಗಲೇ ಪಕ್ಕದವನ ಮೇಲೆ ಒರಗಿರುತ್ತಿತ್ತು. ಈ ಸಲ ಮಾತ್ರ ಸಮವಸ್ತ್ರ ಹಾಕಿಸಿ ನಿಲ್ಲಿಸಿದ ಹಾಗೆ ಒಂದೇ ಎತ್ತರ, ಒಂದೇ ಬಣ್ಣ. ಎಷ್ಟು ಸಮವಾಗಿ ಬಂದಿದೆ ಎಂದು ನಾವೆಲ್ಲ ಹೊಗಳಿದ್ದೆವು. ಡಾಕ್ಟರಮ್ಮ ಅದರ ಮುಂದೆ ಮಾವನನ್ನು ನಿಲ್ಲಿಸಿ ಫೋಟೊ ಕೂಡ ತೆಗೆಸಿದ್ದರು. ಆ ಫೋಟೊದಲ್ಲಿ ಮಾವ ಯಾಕೆ ನಕ್ಕಿರಲಿಲ್ಲ ಎಂಬುದು ನನಗೆ ಈಗ ಹೊಳೆಯಿತು.

ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡ ಹಾಗಾಯಿತು. ಹೇಳಿದರೆ ಮಾವನ ಮೂವತ್ತು ವರ್ಷದ ಹೆಸರು ಹೋಗುತ್ತದೆ. ಹೇಳದಿದ್ದರೆ ಎರಡೂವರೆ ಸಾವಿರ ಒಡಹುಟ್ಟಿದವು ಬೆಟ್ಟ ಹತ್ತುತ್ತವೆ. ಅವು ಬೆಳೆಯುತ್ತವೆ, ಹಸಿರಾಗಿಯೂ ಕಾಣುತ್ತವೆ. ತಪ್ಪು ಹೊರಬೀಳುವುದು ನಾವ್ಯಾರೂ ಇಲ್ಲದ ಕಾಲಕ್ಕೆ, ನನ್ನ ಮಗಳ ಮಗಳು ಆ ದಾರಿಯಲ್ಲಿ ನಡೆಯುವಾಗ.

ಗಂಡನಿಗೆ ಹೇಳಿದೆ. ಅವರು ನೀರಿನ ಟ್ಯಾಂಕರ್ ಓಡಿಸುತ್ತಾರೆ, ಬೇಸಿಗೆಯಲ್ಲಿ ಅವರಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಊಟ ಮಾಡುತ್ತಲೇ ಕೇಳಿಸಿಕೊಂಡರು. ಅಪ್ಪನಿಗೆ ಎಪ್ಪತ್ತಾಯಿತು, ಎಷ್ಟು ವರ್ಷ ತಾನೇ ತಂದಾರು, ಗಿಡ ಗಿಡವೇ ಅಲ್ಲವೇ, ನೆರಳು ಕೊಟ್ಟರೆ ಸಾಲದೇ ಎಂದರು. ಆಮೇಲೆ ತಾವೇ, "ಸಾಲಲ್ಲ ಅಂತ ನಿನ್ನ ಮುಖ ಹೇಳ್ತಾ ಇದೆ," ಎಂದು ತಟ್ಟೆ ಎತ್ತಿಕೊಂಡು ಎದ್ದರು.

ಮಕ್ಕಳು ಸುಳ್ಳು ಹೇಳಿದಾಗ ನಾನು ಎದುರಿಗೆ ಹಿಡಿಯುವುದಿಲ್ಲ. ಬಾಗಿಲು ಸ್ವಲ್ಪ ತೆರೆದಿಟ್ಟು ಪಕ್ಕದಲ್ಲಿ ಕೂತಿರುತ್ತೇನೆ. ನನ್ನ ಮಗಳಿಗೆ ಎಂಟು ವರ್ಷ. ಸದಾ ಏನಾದರೊಂದು ಹೊತ್ತುಕೊಂಡು ಓಡಾಡುವುದಕ್ಕೆ ನಾವು ಅವಳನ್ನು ಇರುವೆ ಎನ್ನುತ್ತೇವೆ. ಅವಳ ಮಟ್ಟಿಗೆ ಈ ಉಪಾಯ ಹತ್ತರಲ್ಲಿ ಎಂಟು ಸಲ ಫಲ ಕೊಟ್ಟಿದೆ. ಮಾವನಿಗೂ ಹಾಗೇ ಮಾಡೋಣವೆಂದುಕೊಂಡೆ. ಚಹಾ ಕೊಡುವಾಗ, ಈ ಸಲದ ರೆಕ್ಕೆಗಳ ತುದಿಯಲ್ಲಿ ಕಚ್ಚು ಜಾಸ್ತಿ ಕಾಣುತ್ತಿದೆ ಎಂದೆ. ಅವರು ಲೋಟದೊಳಗೆ ನೋಡುತ್ತ, ಬಿಸಿಲು ಜಾಸ್ತಿ, ಸುರುಟಿರಬೇಕು ಎಂದರು. ಲೋಟ ಬಾಯಿಗೆ ಹೋಗಲಿಲ್ಲ.

ಶನಿವಾರ ಸಂಜೆ ಇರುವೆ ತನ್ನ ಶಾಲೆಯ ಬೂಟಿಗೆ ಪಾಲಿಶ್ ಹಾಕುತ್ತ ಅಜ್ಜನ ಬೂಟನ್ನೂ ಎಳೆದುಕೊಂಡಳು.

"ಅಜ್ಜ, ನೀನು ಬೆಟ್ಟ ಹತ್ತೋವಾಗ ಹಾರ್ಕೊಂಡು ಹೋಗ್ತೀಯಾ? ಇದಕ್ಕೆ ಮಣ್ಣೇ ಇಲ್ಲ."

ಮಾವ ನಕ್ಕರು. ನಗು ಮುಗಿಯುವ ಮೊದಲೇ ನನ್ನ ಕಡೆ ನೋಡಿದರು. ನಾನು ಬಟ್ಟೆ ಮಡಿಸುತ್ತಿದ್ದೆ, ಮಡಿಸುತ್ತಲೇ ಇದ್ದೆ. ಮಡಿಸಿ ಮುಗಿದ ಮೇಲೆ, ನಾಳೆ ಭಾನುವಾರ, ನನಗೂ ಏಳನೇ ಮರ ತೋರಿಸಿ ಮಾವ, ಇಷ್ಟು ವರ್ಷ ಬೀಜ ಆರಿಸಿದ್ದೇನೆ, ಬಸ್ ಸ್ಟಾಪಿನದು ಬಿಟ್ಟರೆ ಒಂದು ತಾಯಿಯ ಮುಖವನ್ನೂ ಕಂಡಿಲ್ಲ ಎಂದೆ. ದೂರ ಎಂದರು. ನಿಧಾನಕ್ಕೆ ಹೋಗೋಣ ಎಂದೆ. ಬೆಳಿಗ್ಗೆ ನಾನು ಬುತ್ತಿ ಕಟ್ಟುವ ಹೊತ್ತಿಗೆ ಬೂಟು ಹಾಕಿಕೊಂಡು ಹೊಸ್ತಿಲಲ್ಲಿ ಕೂತಿದ್ದರು.

ಬಿಸಿಲೇರುವ ಮೊದಲೇ ಹೊರಟೆವು. ಮೊದಲ ತಿರುವಿನವರೆಗೂ ಮಾವ ಹಳೆಯ ಮಾವನೇ. ಮೇಲಿನ ಹಸಿರಿನತ್ತ ಕೈ ತೋರಿಸಿ, ಅಲ್ಲಿ ನೆಟ್ಟದ್ದು ಯಾವ ವರ್ಷ, ಆ ಸಾಲಿಗೆ ಗೆದ್ದಲು ಹತ್ತಿದ್ದಾಗ ಯಾರು ಏನು ಮಾಡಿದರು ಎಂದು ಹೇಳುತ್ತ ನಡೆದರು. ಎರಡನೇ ತಿರುವಿನಲ್ಲಿ ಮಾತು ನಿಂತಿತು. ಮೂರನೆಯದರಲ್ಲಿ ಅವರೇ ನಿಂತರು. ಮೊಣಕಾಲು ನಡುಗುವುದು ಪ್ಯಾಂಟಿನ ಮೇಲಿಂದಲೇ ಕಾಣುತ್ತಿತ್ತು. ಒಂದು ಬಂಡೆಗೆ ಕೈ ಕೊಟ್ಟು ನಿಧಾನವಾಗಿ ಕೂತರು. ನಾನೂ ಪಕ್ಕದಲ್ಲಿ ಕೂತು ನೀರಿನ ಬಾಟಲಿ ಕೊಟ್ಟೆ.

"ಏಳನೇ ಮರ ಇಲ್ಲಿಂದ ಎಷ್ಟು ದೂರ ಮಾವ?"

"ನಿನ್ನ ಕಾಲಿಗೆ ಅರ್ಧ ಗಂಟೆ," ಎಂದರು. ಒಂದು ಗುಟುಕು ನೀರು ಕುಡಿದು ಮುಚ್ಚಳ ತಿರುಗಿಸಿದರು. "ನನ್ನ ಕಾಲಿಗೆ ಎರಡು ವರ್ಷ ಆಯ್ತು, ಇನ್ನೂ ತಲುಪಿಲ್ಲ."

ಆಮೇಲೆ ಎಲ್ಲ ತಾನಾಗಿಯೇ ಬಂತು. ಎರಡು ವರ್ಷದ ಹಿಂದೆ ಆಚೆ ಮಗ್ಗುಲಿನ ಕೊರಕಲಿನಲ್ಲಿ ಜಾರಿ ಬಿದ್ದಿದ್ದರಂತೆ. ಮಧ್ಯಾಹ್ನದವರೆಗೂ ಏಳಲಾಗದೆ ಅಲ್ಲೇ ಇದ್ದರಂತೆ. ಮನೆಗೆ ಬಂದು, ಬಸ್ಸಿನಿಂದ ಇಳಿಯುವಾಗ ಎಡವಿದೆ ಎಂದಿದ್ದರು. ನಾನೇ ಮುಲಾಮು ತಂದು ಕೊಟ್ಟಿದ್ದೆ. ಮರುವರ್ಷ ಬೀಜದ ಕಾಲ ಬಂದಾಗ ಮೂರು ಸಲ ಹತ್ತಲು ನೋಡಿದರು, ಮೂರು ಸಲವೂ ಇದೇ ತಿರುವಿನಿಂದ ವಾಪಸು. ನಾಲ್ಕನೇ ದಿನ ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತಿದ್ದಾಗ ಬೀಜಗಳು ತಾವಾಗಿಯೇ ಸುತ್ತುತ್ತ ಬಂದು ಮಡಿಲಿಗೆ ಬಿದ್ದವು. ದಪ್ಪ ಬೀಜ, ಒಳ್ಳೆಯ ಬೀಜ. ಒಂದು ಚೀಲ ತುಂಬಿತು, ಅದಕ್ಕೆ ಒಂದನೇ ಸಂಖ್ಯೆ ಬರೆದರು. ಇನ್ನೊಂದು ಚೀಲ ತುಂಬಿತು. ಅದಕ್ಕೆ ನಾಲ್ಕು ಎಂದು ಬರೆದರು.

"ಬೇರೆ ಮರದ್ದು ಬೆರೆಸಿಲ್ಲ ನಾನು. ಗಿರಗಿಟ್ಲೆನೇ ಕೊಟ್ಟಿದ್ದೀನಿ. ನೂರಕ್ಕೆ ತೊಂಬತ್ತು ಮೊಳೆತಿದೆ."

"ಮೊಳೆತಿದೆ ಮಾವ. ಅದರಲ್ಲಿ ಮಾತಿಲ್ಲ."

"ನಂಗೂ ಗೊತ್ತಮ್ಮ, ಅದಲ್ಲ ಲೆಕ್ಕ ಅಂತ." ಅವರು ಕೆಳಗಿನ ಬೋಳು ಇಳಿಜಾರನ್ನು ನೋಡಿದರು. ಅಲ್ಲಿ ಆಗಲೇ ಗುಂಡಿ ತೋಡಿ ಕಡ್ಡಿ ನೆಟ್ಟಿದ್ದರು. "ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರೆ. ನಂದು ಬೀಜಕ್ಕೆ ಹೋಯ್ತು ನೋಡು."

ನನಗೆ ಅವರ ಕೈ ಹಿಡಿದುಕೊಳ್ಳಬೇಕೆನ್ನಿಸಿತು. ಹಿಡಿದುಕೊಂಡರೆ ಅವರು ಇನ್ನೂ ಕುಗ್ಗುತ್ತಾರೆಂದು ಬುತ್ತಿ ಬಿಚ್ಚಿದೆ. ತಿಂದೆವು. ತಿನ್ನುತ್ತಿದ್ದಾಗ ಅವರೇ ಕೇಳಿದರು, ಡಾಕ್ಟರಮ್ಮನಿಗೆ ಹೇಳುತ್ತೀಯಾ ಎಂದು.

ಮಳೆಗೆ ಮೂರು ವಾರ ಮೊದಲು ಸಸಿಗಳನ್ನು ನೆರಳಿನಿಂದ ತೆಗೆದು ಬೆಟ್ಟದ ಬುಡಕ್ಕೆ ಸಾಗಿಸುತ್ತಾರೆ, ಬಿಸಿಲಿಗೆ ಒಗ್ಗಲಿ ಎಂದು. ಒಮ್ಮೆ ಹಾಗೆ ಹೋದವು ಮತ್ತೆ ಹಿಂದಕ್ಕೆ ಬರುವುದಿಲ್ಲ. ನಾಳೆಯದಲ್ಲ, ಅದರ ಮುಂದಿನ ಸೋಮವಾರ ಲಾರಿ ಬರುವುದಿತ್ತು.

"ನೀವೇ ಹೇಳಿದ್ರೆ ಚೆನ್ನ ಮಾವ. ಸೋಮವಾರದವರೆಗೂ ನಾನು ಬಾಯಿ ಬಿಡಲ್ಲ," ಎಂದೆ. "ಅವತ್ತು ಲಾರಿ ಹತ್ತಿಸೋಕೆ ಮೊದಲು ಮಾತ್ರ ಹೇಳ್ಲೇಬೇಕು. ನೀವಾದ್ರೂ ಸರಿ, ನಾನಾದ್ರೂ ಸರಿ."

ಅವರು ತಲೆಯಾಡಿಸಿದರು. ಇಳಿಯುವಾಗ ನನ್ನ ಭುಜದ ಮೇಲೆ ಕೈಯಿಟ್ಟುಕೊಂಡರು. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಅದೇ ಮೊದಲು.

ಆ ವಾರ ಉದ್ದವಾಗಿತ್ತು. ಮಾವ ನರ್ಸರಿಗೆ ಬರಲಿಲ್ಲ, ಚೀಲವನ್ನೂ ತರಲಿಲ್ಲ. ಕಾಲು ನೋವೆಂದು ಹೇಳಿ ಕಳಿಸಿದರು. ಅದಾದರೂ ನಿಜವೇ. ಮನೆಯಲ್ಲಿ ಇರುವೆಗೆ ಗಣಿತ ಹೇಳಿಕೊಡುತ್ತ, ಹೇಳಿಕೊಡುವುದನ್ನು ಮರೆತು ಕೂತುಬಿಡುತ್ತಿದ್ದರು. ಅವಳು ಬಂದು, ಅಜ್ಜ ಏಳರ ಮಗ್ಗಿಯಲ್ಲಿ ನಿದ್ದೆ ಹೋದರು ಎಂದು ದೂರುತ್ತಿದ್ದಳು. ನಾನು ಬೀಜದ ಕೋಣೆಯಲ್ಲಿ ಆ ಆರು ಚೀಲಗಳನ್ನು ಮುಟ್ಟದೆ, ಬೇರೆ ಮರಗಳ ಬೀಜ ಆರಿಸಿದೆ. ಡಾಕ್ಟರಮ್ಮ ಬಾಗಿಲಲ್ಲಿ ಕಂಡಾಗೆಲ್ಲ ಜರಡಿಯ ಮೇಲೆ ಇನ್ನಷ್ಟು ಬಾಗುತ್ತಿದ್ದೆ. ಗುರುವಾರ ಅವರು, ಯಾಕೆ ಸಪ್ಪಗಿದ್ದೀಯ, ಮಗಳಿಗೆ ಹುಷಾರಿಲ್ಲವೇ ಎಂದು ಕೇಳಿದರು. ಇಲ್ಲಮ್ಮ, ಸೆಕೆ ಎಂದೆ. ಸುಳ್ಳು ಹೇಳುವುದು ಎಷ್ಟು ಸುಲಭ ಎಂದು ಅವತ್ತು ನನಗೂ ಗೊತ್ತಾಯಿತು. ಮಾವನ ಮೇಲೆ ಉಳಿದಿದ್ದ ಅಷ್ಟಿಷ್ಟು ಸಿಟ್ಟೂ ಅಲ್ಲಿಗೆ ಇಳಿಯಿತು.

ಸೋಮವಾರ ಬೆಳಿಗ್ಗೆ ಎದ್ದಾಗ ಮಾವ ಮನೆಯಲ್ಲಿರಲಿಲ್ಲ. ಹಾಸಿಗೆ ಮಡಿಸಿಟ್ಟಿತ್ತು. ಇರುವೆಗೆ ತಲೆ ಬಾಚಿದೆನೋ ಬಿಟ್ಟೆನೋ, ಅವಳನ್ನು ಶಾಲೆಯ ಗೇಟಿಗೆ ದಾಟಿಸಿ ನರ್ಸರಿಗೆ ಓಡಿದೆ.

ಮಾವ ನೆರಳುಬಲೆಯ ಕೆಳಗಿದ್ದರು. ಒಗೆದ ಬಿಳಿ ಅಂಗಿ ಹಾಕಿಕೊಂಡು, ಬೋರಲು ಹಾಕಿದ ಕ್ರೇಟಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ಹೊಸ ಚೀಟಿಗಳ ಕಟ್ಟು, ಕೈಯಲ್ಲಿ ಮಾರ್ಕರ್. ಟ್ರೇಯಿಂದ ಹಳೆಯ ಚೀಟಿ ಕೀಳುತ್ತಿದ್ದರು, ಹೊಸ ಚೀಟಿಯ ಮೇಲೆ ಬರೆಯುತ್ತಿದ್ದರು, ಸಿಕ್ಕಿಸುತ್ತಿದ್ದರು. ಆಮೇಲೆ ಕ್ರೇಟನ್ನು ಮುಂದಕ್ಕೆ ಸರಿಸಿಕೊಂಡು ಮುಂದಿನ ಟ್ರೇ. ನಾಲ್ಕು ಹೋಗಿ ಒಂದಾಯಿತು. ಹನ್ನೊಂದು ಹೋಗಿ ಒಂದಾಯಿತು. ನಾನು ಬರುವ ಹೊತ್ತಿಗೆ ಅರವತ್ತು ಟ್ರೇ ದಾಟಿದ್ದರು. ಅರವತ್ತರ ಮೇಲೂ ಒಂದೇ ಸಂಖ್ಯೆ.

ಡಾಕ್ಟರಮ್ಮ ಆಗಲೇ ಬಂದಿದ್ದರು. ದೂರದಲ್ಲಿ ಕಂಬಕ್ಕೆ ಒರಗಿ ನೋಡುತ್ತಿದ್ದರು. ಎಷ್ಟು ಹೊತ್ತಿನಿಂದ ಅಲ್ಲಿದ್ದರೋ ಗೊತ್ತಿಲ್ಲ. ನನ್ನನ್ನು ನೋಡಿ, ಸುಮ್ಮನಿರು ಎಂಬಂತೆ ಕೈ ಮಾಡಿದರು. ಲಾರಿ ಬಂದು ಹಾರ್ನ್ ಹಾಕಿತು. ಅವರೇ ಹೋಗಿ ಡ್ರೈವರಿಗೆ ಏನೋ ಹೇಳಿ, ಬೇರೆ ಸಾಲಿನ ಸಸಿ ಹೇರಲು ಕಳಿಸಿ ಬಂದರು. ಮಾವ ತಲೆಯೆತ್ತಲಿಲ್ಲ. ಇನ್ನೂ ಐವತ್ತು ಟ್ರೇ ಮುಗಿಸಿದರು. ಕೊನೆಯದಕ್ಕೆ ಚೀಟಿ ಸಿಕ್ಕಿಸಿ, ಎದ್ದು ನಿಲ್ಲಲು ನೋಡಿದರು, ಮೊಣಕಾಲು ಒಪ್ಪಲಿಲ್ಲ. ಕೂತೇ ಹೇಳಿದರು.

"ಎರಡು ವರ್ಷದ್ದೂ ಇಷ್ಟೇ ಅಮ್ಮ. ಬಸ್ ಸ್ಟಾಪಿನ ಮರದ್ದು. ಮಿಕ್ಕ ಮರಗಳ ಹತ್ರ ನಾನು ಹೋಗಿಲ್ಲ. ಹೋಗೋಕೆ ಆಗ್ಲಿಲ್ಲ."

ಡಾಕ್ಟರಮ್ಮ ಅವರೆದುರು ಕುಕ್ಕರುಗಾಲಲ್ಲಿ ಕೂತರು. ಒಂದು ಸಸಿಯ ಎಲೆ ಮಗುಚಿ ನೋಡಿದರು, ಬಿಟ್ಟರು. ಅವರ ಕಣ್ಣಲ್ಲಿ ನೀರಿತ್ತೋ ಸಿಟ್ಟಿತ್ತೋ ನನಗೆ ತಿಳಿಯಲಿಲ್ಲ. ಎರಡು ವರ್ಷದ ಕೆಲಸ ಅದು. ಆ ಇಳಿಜಾರಿಗೆ ಈ ಮಳೆಯಲ್ಲಿ ಗಿರಗಿಟ್ಲೆ ಇಲ್ಲ, ಬರುವ ಮಳೆಗೂ ಸಿಕ್ಕುವುದು ಅನುಮಾನ. ಮೇಲಿನವರಿಗೆ ಪತ್ರ ಬರೆಯಬೇಕು. ಅಗೆದಿಟ್ಟ ಗುಂಡಿಗಳಿಗೆ ಕಾರಣ ಹೇಳಬೇಕು.

"ಇನ್ಮೇಲೆ ಬೀಜದ ಚೀಲ ನೀವು ತರೋದು ಬೇಡ," ಎಂದರು.

ಮಾವ, "ಸರಿ ಅಮ್ಮ," ಎಂದರು. ಮಾರ್ಕರಿಗೆ ಮುಚ್ಚಳ ಹಾಕಿ ಚೀಟಿಗಳ ಕಟ್ಟಿನ ಮೇಲಿಟ್ಟರು.

"ಒಬ್ಬರ ಕಾಲಿನ ಮೇಲೆ ಇಡೀ ಬೆಟ್ಟ ನಿಲ್ಲಿಸ್ಬಿಟ್ಟಿದ್ದೆ ನಾನು. ಅದು ನಿಮ್ಮ ತಪ್ಪಲ್ಲ, ನಂದು." ಡಾಕ್ಟರಮ್ಮ ಎದ್ದು ಕೈ ಒರೆಸಿಕೊಂಡರು. "ಮರಗಳಲ್ಲಿ ಇನ್ನೂ ಬೀಜ ಇರುತ್ತಾ?"

"ಆಚೆ ಮಗ್ಗುಲಲ್ಲಿ ತಡ. ಮಳೆ ಬೀಳೋವರೆಗೂ ಇರುತ್ತೆ."

"ಹಾಗಿದ್ರೆ ಮೂರು ವಾರ ಇದೆ. ಯಾರಾದ್ರೂ ಹೋಗ್ಬೇಕು, ನೀವು ದಾರಿ ಹೇಳ್ಬೇಕು."

ಯಾರು ಎಂದು ಅವರು ಕೇಳಲಿಲ್ಲ. ಮಾವ ನನ್ನ ಕಡೆ ನೋಡಿದರು. ನಾನು ಹೂಂ ಎಂದೆ. ಎಂದ ಮೇಲೆ ಮನೆಯ ಕೆಲಸ, ಇರುವೆಯ ಶಾಲೆ, ಗಂಡನ ಬುತ್ತಿ ಎಲ್ಲ ಒಟ್ಟಿಗೆ ನೆನಪಾದವು.

ಹೇಗೋ ಹೊಂದಿಸಿಕೊಂಡೆವು. ಬೆಳಗಿನ ಅಡುಗೆಯನ್ನು ಗಂಡ ವಹಿಸಿಕೊಂಡರು. ಇರುವೆ ಮೂರು ವಾರ ಹಸಿಬಿಸಿ ತಿಂದು, ಅಪ್ಪ ಮಾಡಿದ್ದು ಅಜ್ಜನ ಬೀಜಕ್ಕಿಂತ ಗಟ್ಟಿ ಎಂದು ಹೆಸರಿಟ್ಟಳು. ನಾನೂ ನರ್ಸರಿಯ ಇನ್ನೊಬ್ಬ ಹೆಂಗಸೂ ಬೆಳಗಾಗುತ್ತಲೇ ಹೊರಡುತ್ತಿದ್ದೆವು. ಮಾವ ಮೂರನೇ ತಿರುವಿನವರೆಗೆ ಬಂದು, ಮಡಚುವ ಕುರ್ಚಿ ಹಾಕಿಕೊಂಡು, ಫೋನ್ ಹಿಡಿದು ಕೂರುತ್ತಿದ್ದರು.

ದಾರಿ ಹೇಳುವುದು ಅವರಿಗೆ ಬರುತ್ತಿರಲಿಲ್ಲ. ಕಾಲಿಗೆ ಗೊತ್ತಿದ್ದದ್ದನ್ನು ಬಾಯಿಗೆ ತರುವುದು ಹೊಸ ಕೆಲಸ. ಮೊದಲ ದಿನ, ಅಲ್ಲೇ ಎಡಗಡೆ ಎಂದರು. ಯಾವ ಎಡ ಮಾವ ಎಂದರೆ, ನಾನು ಹೋಗುವಾಗ ಎಡಕ್ಕೆ ಇರುವುದು ಎಂದರು. ಒಂದು ಗಂಟೆ ಅಲೆದು ಒಂದೇ ಮರ ಸಿಕ್ಕಿತು. ಮೂರನೇ ದಿನದ ಹೊತ್ತಿಗೆ ಅವರು ಕಣ್ಣು ಮುಚ್ಚಿಕೊಂಡು ಹೇಳತೊಡಗಿದ್ದರು. ಈಗ ಮಣ್ಣು ಸಡಿಲ ಇರಬೇಕು, ಈಗ ಬಲಗೈಗೆ ತಣ್ಣಗಿನ ಬಂಡೆ ಸಿಗಬೇಕು, ಈಗ ಹಕ್ಕಿ ಸದ್ದು ಜಾಸ್ತಿಯಾಗಬೇಕು. ಆಗುತ್ತಿತ್ತು. ನಾವು ಮರದ ಕೆಳಗೆ ಬಟ್ಟೆ ಹಾಸಿ, ತೂಕ ಕಟ್ಟಿದ ಹಗ್ಗವನ್ನು ಕೊಂಬೆಯ ಮೇಲೆ ಎಸೆದು ಅಲುಗಿಸುತ್ತಿದ್ದೆವು. ಬೀಜಗಳು ಸುತ್ತುತ್ತ ಇಳಿಯುತ್ತಿದ್ದವು. ಪ್ರತಿ ಮರದ ಜಾಗವನ್ನೂ ಈ ಸಲ ಕಾಗದದ ಮೇಲೆ ಬರೆದುಕೊಂಡೆವು.

ಎಲ್ಲವೂ ಸಿಗಲಿಲ್ಲ. ಮೂರು ನಿಂತಲ್ಲೇ ಒಣಗಿದ್ದವು. ಒಂದು ಬುಡಮೇಲಾಗಿ ಬಿದ್ದಿತ್ತು. ಅದು ಹದಿನೈದನೆಯದು ಎಂದು ನಾನು ಫೋನಿನಲ್ಲಿ ಹೇಳಿದೆ. ಮಾವ, ಬಿದ್ದು ಎಷ್ಟು ದಿನ ಆಗಿರಬಹುದು, ತೊಗಟೆ ಬಿಟ್ಟಿದೆಯಾ ಎಂದು ಕೇಳಿದರು. ಬಿಟ್ಟಿದೆ ಎಂದೆ. ಹಾಗಾದರೆ ಹೋದ ವರ್ಷವೇ ಎಂದರು. ಹೋದ ವರ್ಷ ಯಾರಾದರೂ ಹೋಗಿದ್ದರೆ ಅದರ ಕೊನೆಯ ಬೀಜವಾದರೂ ಸಿಕ್ಕುತ್ತಿತ್ತು ಎಂಬುದನ್ನು ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಬಸ್ ಸ್ಟಾಪಿನ ಮರದ ಮಕ್ಕಳನ್ನು ಡಾಕ್ಟರಮ್ಮ ಎಸೆಯಲಿಲ್ಲ. ನೂರು ಸಸಿಯನ್ನು ಮಾತ್ರ ಬೆಟ್ಟಕ್ಕಿಟ್ಟುಕೊಂಡರು. ಅದೂ ಒಬ್ಬ ತಾಯಿಯೇ, ಅವಳ ಪಾಲು ಅವಳಿಗೆ ಸಲ್ಲಬೇಕು. ಉಳಿದವು ಶಾಲೆಯ ಅಂಗಳಗಳಿಗೆ, ಆಸ್ಪತ್ರೆಯ ಆವರಣಕ್ಕೆ, ದೂರ ದೂರದ ರಸ್ತೆಗಳ ಬದಿಗೆ ಹೋದವು, ಒಂದರ ಪಕ್ಕ ಒಂದು ಬರದ ಹಾಗೆ. ಕೆಳಗಿನ ಇಳಿಜಾರಿನಲ್ಲಿ ಬೇರೆ ಜಾತಿಯ ಸಸಿಗಳನ್ನು ನೆಟ್ಟರು. ನಡುನಡುವೆ ಗಿರಗಿಟ್ಲೆಗೆಂದು ಬಿಟ್ಟ ಗುಂಡಿಗಳು ಖಾಲಿಯೇ ಉಳಿದವು. ನೋಡಿದವರು ಕೇಳುತ್ತಾರೆ. ಮಾವ ಎದುರಿಗಿದ್ದರೆ ಅವರೇ ಕಾರಣ ಹೇಳುತ್ತಾರೆ, ಕಣ್ಣು ತಗ್ಗಿಸದೆ, ಉದ್ದ ಮಾಡದೆ.

ಮಳೆಯ ಹಿಂದಿನ ದಿನ ಹತ್ತೊಂಬತ್ತನೇ ಮರಕ್ಕೆ ಹೋದೆವು. ಅಲ್ಲಿಯವರೆಗೆ ಇಪ್ಪತ್ತೈದು ಮರಗಳ ಬೀಜ ಕೂಡಿತ್ತು. ಮೋಡ ಕವಿದು ಗಾಳಿ ನಿಂತುಹೋಗಿತ್ತು. ಕೊರಕಲಿನ ತಳದಲ್ಲಿ, ಎರಡು ಬಂಡೆಗಳ ನಡುವಿಂದ ಎದ್ದ ಮರ. ಬುಡವನ್ನು ನಾವಿಬ್ಬರೂ ಕೈ ಚಾಚಿ ತಬ್ಬಿದರೂ ತುದಿಗಳು ಸೇರಲಿಲ್ಲ. ಬೀಜ ಸಣ್ಣ, ರೆಕ್ಕೆ ಉದ್ದ. ಚೀಲ ತುಂಬಿ, ಚೀಟಿ ಬರೆದು ಕಟ್ಟಿ, ಫೋನ್ ಮಾಡಿದೆ. ಹತ್ತೊಂಬತ್ತು ಆಯಿತು ಮಾವ, ಮೇಲಕ್ಕೆ ಬರುತ್ತೇವೆ ಎಂದೆ.

"ಬೀಜ ಹೇಗಿದೆ?"

"ಗಟ್ಟಿ ಇದೆ. ಅಲುಗಿಸಿದ ತಕ್ಷಣ ಉದುರಿತು."

"ಉದುರುತ್ತೆ. ಅದು ಕೊಸರಾಡೋ ಮರ ಅಲ್ಲ." ಅವರ ಕುರ್ಚಿ ಕಿರುಗುಟ್ಟಿದ್ದು ಫೋನಿನಲ್ಲಿ ಕೇಳಿಸಿತು. "ಎಡಗಡೆ ಬಂಡೆ ಹತ್ರ ಒಂದು ಬೇರು ಮೇಲೆದ್ದಿದೆ. ಮಣೆ ಥರ. ಕಾಣುತ್ತಾ?"

"ಯಾವ ಎಡ ಮಾವ?"

"ಮರಕ್ಕೆ ಬೆನ್ನು ಹಾಕಿದ್ರೆ ನಿನ್ನ ಎಡ."

ಕಂಡಿತು. ನಡುವೆ ತುಸು ತಗ್ಗಾಗಿ, ನುಣುಪಾಗಿತ್ತು. ಮೂವತ್ತು ವರ್ಷ ಒಬ್ಬರೇ ಬಂದು ಕೂತು ಸವೆದ ಜಾಗ.

"ಕಾಣ್ತು," ಎಂದೆ.

"ಐದು ನಿಮಿಷ ಕೂತ್ಕೋ," ಎಂದರು ಮಾವ. "ಇಳಿದದ್ದು ಜಾಸ್ತಿ, ಹತ್ತೋಕೆ ಉಸಿರು ಬೇಕು. ಗಡಿಬಿಡಿ ಮಾಡ್ಬೇಡ. ನಾನು ಇಲ್ಲೇ ಇರ್ತೀನಿ."

ನಾನು ಕೂತೆ. ಜೊತೆಗಿದ್ದವಳಿಗೂ ಜಾಗ ಬಿಟ್ಟು ಸರಿದುಕೊಂಡೆ. ಫೋನ್ ಕಿವಿಗೇ ಇತ್ತು. ಅವರೂ ಇಡಲಿಲ್ಲ.